ಲಕ್ಸರ್‌ಗೆ ಹೋಗೋರು ಓದಿ: "ಎಲ್ಲಾ ಟಿಕೆಟ್ ಸೇರಿದೆ" ಅಂದ ಏಜೆಂಟ್‌ಗೆ ಅಡ್ವಾನ್ಸ್ ಕಳಿಸಬೇಡಿ

ಈಜಿಪ್ಟ್‌ಗೆ ಹೊರಟಿರೋರು, ಅದರಲ್ಲೂ ಲಕ್ಸರ್‌ನಲ್ಲಿ ನೈಲ್ ನದಿಯ ಪಶ್ಚಿಮ ದಂಡೆಗೆ ಒಂದು ದಿನದ ಟೂರ್ ಬುಕ್ ಮಾಡ್ತಿರೋರು, ದಯವಿಟ್ಟು ಇದನ್ನ ಪೂರ್ತಿ ಓದಿ. ಹೋದ ದುಡ್ಡಿಗಿಂತ, ಜೊತೆಗಿದ್ದ ಹಿರಿಯರ ಮುಂದೆ ಆದ ಅವಮಾನ ಇನ್ನೂ ಉರೀತಾ ಇದೆ.

ಏಜೆಂಟ್ ವಾಟ್ಸಾಪ್‌ನಲ್ಲಿ ಕಳಿಸಿದ ಪಟ್ಟಿ ಹೀಗಿತ್ತು: ರಾಜರ ಕಣಿವೆ, ಹತ್‌ಶೆಪ್ಸುತ್ ದೇವಾಲಯ, ಮೆಮ್ನಾನ್ ವಿಗ್ರಹಗಳು, ಅಲಬಾಸ್ಟರ್ ಫ್ಯಾಕ್ಟರಿ, ಸಂಜೆ ಫೆಲುಕ್ಕಾ ಅನ್ನೋ ಹಾಯಿದೋಣಿ. ಕೆಳಗೆ ದಪ್ಪ ಅಕ್ಷರದಲ್ಲಿ "ಎಲ್ಲಾ ಎಂಟ್ರಿ ಟಿಕೆಟ್ ಸೇರಿದೆ". ಈಗ ಒಂದೊಂದಾಗಿ ನೋಡಿ. ಮೆಮ್ನಾನ್‌ಗೆ ಟಿಕೆಟ್ಟೇ ಇಲ್ಲ. ಮೂರನೇ ಅಮೆನ್‌ಹೊಟೆಪ್ ರಾಜನ ಎರಡು ಕೂತ ವಿಗ್ರಹ, ಸುಮಾರು 18 ಮೀಟರ್ ಎತ್ತರ, ರಸ್ತೆ ಪಕ್ಕದ ಬಯಲಲ್ಲೇ ಇವೆ, ಯಾರು ಬೇಕಾದರೂ ಗಾಡಿ ನಿಲ್ಲಿಸಿ ನೋಡಬಹುದು. ಅಲಬಾಸ್ಟರ್ ಅಂದರೆ ಬೆಳಕು ಹಾಯೋ ಮೆದು ಕಲ್ಲು, ಅದರ ಫ್ಯಾಕ್ಟರಿ ಅನ್ನೋದು ಅಂಗಡಿ, ಅಲ್ಲಿಗೂ ಟಿಕೆಟ್ ಇಲ್ಲ. ದೋಣಿಗೆ ಬಾಡಿಗೆ ಇರುತ್ತೆ, ಟಿಕೆಟ್ ಇರಲ್ಲ. ಅಂದರೆ ಐದು ಹೆಸರು ತೋರಿಸಿ ಕೊಟ್ಟಿದ್ದು ಎರಡೇ ಎರಡು ಟಿಕೆಟ್. ಅದರಲ್ಲೂ ಒಂದರಲ್ಲಿ ಮೋಸ.

ಮೋಸ ಎಲ್ಲಿ ಅಂತ ಅರ್ಥ ಆಗಬೇಕಾದರೆ ರಾಜರ ಕಣಿವೆಯ ಟಿಕೆಟ್ ಹೇಗಿರುತ್ತೆ ಅಂತ ಗೊತ್ತಿರಬೇಕು. ಹಳೇ ಈಜಿಪ್ಟ್‌ನ ರಾಜರನ್ನ ಹೂತ ಈ ಕಣಿವೆಯಲ್ಲಿ ಅರವತ್ತಕ್ಕೂ ಹೆಚ್ಚು ಗೋರಿಗಳಿಗೆ ನಂಬರ್ ಇದೆ, ಆದರೆ ಒಂದು ಸಲಕ್ಕೆ ತೆರೆದಿರೋದು ಕೆಲವೇ ಕೆಲವು. ಸಾಮಾನ್ಯ ಟಿಕೆಟ್‌ಗೆ ಅದರಲ್ಲಿ ಮೂರು ಗೋರಿ, ಆರಿಸಿಕೊಳ್ಳೋದು ನಾವೇ. ಟುಟಾಂಖಾಮನ್ (ನಂಬರ್ 62), ಮೊದಲನೇ ಸೆಟಿ (17), ಐದನೇ-ಆರನೇ ರಾಮ್ಸೆಸ್ (9), ಈ ಮೂರಕ್ಕೆ ಬೇರೆ ಬೇರೆ ಟಿಕೆಟ್. ಸೆಟಿಯದು ಎಲ್ಲಕ್ಕಿಂತ ದುಬಾರಿ. ಈ ಬೇರೆ ಟಿಕೆಟ್‌ಗಳನ್ನ ಹೊರಗಿನ ಮುಖ್ಯ ಕೌಂಟರ್‌ನಲ್ಲೇ ತಗೋಬೇಕು, ಗೋರಿ ಬಾಗಿಲಲ್ಲಿ ಮಾರಲ್ಲ. ಕೌಂಟರ್‌ನಲ್ಲಿ ಕಾರ್ಡ್ ಬೇಕು, ನಗದು ನಂಬಿಕೊಂಡು ಹೋಗಬೇಡಿ. ಇನ್ನೊಂದು ವಿಷಯ: ಗೈಡ್‌ಗಳು ಗೋರಿಯೊಳಗೆ ಬಂದು ವಿವರಿಸುವ ಹಾಗಿಲ್ಲ, ಹೊರಗೇ ಹೇಳಿ ಕಳಿಸ್ತಾರೆ. ಹಾಗಾಗಿ ಒಳಗೆ ಏನು ನೋಡಬೇಕು ಅಂತ ನಾವೇ ಓದಿಕೊಂಡು ಹೋಗಿರಬೇಕು.

ಬುಕ್ ಮಾಡೋವಾಗಲೇ ಟುಟಾಂಖಾಮನ್ ಬೇಕು ಅಂತ ಕೇಳಿದ್ದಕ್ಕೆ ಏಜೆಂಟ್‌ನಿಂದ "ಯೆಸ್ ಯೆಸ್, ಎವ್ರಿಥಿಂಗ್" ಅಂತ ಉತ್ತರ ಬಂದಿತ್ತು. ಕೌಂಟರ್ ಹತ್ತಿರ ಬಂದ ಮೇಲೆ ಗೈಡ್ ವರಸೆ ಬದಲಾಯಿಸಿದ. "ಟುಟ್ ಇವತ್ತು ಕ್ಲೋಸ್ಡ್." ರಿಪೇರಿ ಅಂತೆ. ನಮ್ಮನ್ನ ನೆರಳಲ್ಲಿ ನಿಲ್ಲಿಸಿ, ತಾನೇ ಹೋಗಿ ಟಿಕೆಟ್ ತಂದು ಕೈಗಿಟ್ಟ. ಬೆಲೆ ಬರೆದಿರೋ ಕೌಂಟರ್ ಹತ್ತಿರ ನಮ್ಮನ್ನ ಬಿಡಲೇ ಇಲ್ಲ. ಆಗ ಇದು ಉಪಚಾರದ ಹಾಗೆ ಕಂಡಿತ್ತು.

ಒಳಗೆ ಎಲೆಕ್ಟ್ರಿಕ್ ಗಾಡಿ ಇಳಿದು ನಡೀತಾ ಹೋದರೆ ಆರನೇ ರಾಮ್ಸೆಸ್ ಗೋರಿಯ ಪಕ್ಕದಲ್ಲೇ ಟುಟಾಂಖಾಮನ್‌ನ 62ರ ಬಾಗಿಲು. ತೆರೆದಿದೆ! ಜನ ಸಾಲಲ್ಲಿ ಇಳೀತಾ ಇದ್ದಾರೆ. ಜೊತೆಗಿದ್ದ ಹಿರಿಯರು ಸೀದಾ ಹೋಗಿ ಟಿಕೆಟ್ ಚಾಚಿದರು. ಬಾಗಿಲಲ್ಲಿದ್ದವನು ಅದನ್ನ ತಿರುಗಿಸಿ ನೋಡಿ, ಎಲ್ಲರ ಮುಂದೆ "ನೋ, ನೋ, ಡಿಫರೆಂಟ್ ಟಿಕೆಟ್" ಅಂತ ಕೈ ಅಡ್ಡ ಹಿಡಿದ. ಹಿಂದೆ ನಿಂತಿದ್ದವರು ಪಕ್ಕಕ್ಕೆ ಸರಿದು ಒಳಗೆ ಹೋದರು. ಎಪ್ಪತ್ತು ದಾಟಿದವರನ್ನ ಟಿಕೆಟ್ ಇಲ್ಲದೆ ನುಗ್ಗೋಕೆ ಬಂದವರ ಹಾಗೆ ನಿಲ್ಲಿಸಿಬಿಟ್ಟರು.

ಗೈಡ್‌ನ ಹುಡುಕಿಕೊಂಡು ಹೋಗಿ ಕೇಳಿದರೆ, ನೆರಳಲ್ಲಿ ಕೂತವನು ಎದ್ದೂ ಏಳದೆ ಕೊಟ್ಟ ಉತ್ತರ: "ಕ್ಲೋಸ್ಡ್ ಅಂದೆ. ನಿಮ್ಮ ಟಿಕೆಟ್‌ಗೆ ಕ್ಲೋಸ್ಡ್."

ಏಜೆಂಟ್‌ಗೆ ಮೆಸೇಜ್ ಹಾಕಿದರೆ: "ಮೈ ಫ್ರೆಂಡ್, ಎಂಟ್ರಿ ಅಂದರೆ ಕಣಿವೆಗೆ ಎಂಟ್ರಿ." ಹಾಗಾದರೆ "ಎವ್ರಿಥಿಂಗ್" ಅಂದಿದ್ದು ಯಾಕೆ? "ಎವ್ರಿಥಿಂಗ್ ನಾರ್ಮಲ್." ಸ್ಕ್ರೀನ್‌ಶಾಟ್ ಕಳಿಸಿದ ಮೇಲೆ ಒಂದು ಕೈ ಮುಗಿಯೋ ಇಮೋಜಿ, ಒಂದು ಗುಲಾಬಿ. ಅಷ್ಟೇ.

ವಾಪಸ್ ಕೌಂಟರ್‌ಗೆ ಹೋಗಿ ಬೇರೆ ಟಿಕೆಟ್ ತಗೊಳ್ಳೋಣ ಅಂದರೆ ಟೈಮ್ ಇಲ್ಲ ಅಂದ ಗೈಡ್. ಟೈಮ್ ಹೋಗಿದ್ದೆಲ್ಲಿ? ಬೆಳಗಿನ ತಂಪಲ್ಲೇ ಅಲಬಾಸ್ಟರ್ ಅಂಗಡಿಯಲ್ಲಿ. ಕಣಿವೆ ಬೆಳಗ್ಗೆ ಆರಕ್ಕೇ ತೆರೆಯುತ್ತೆ. ಆರರಿಂದ ಎಂಟು ಅಲ್ಲಿನ ಚಿನ್ನದಂಥ ಹೊತ್ತು, ಆಮೇಲೆ ದೊಡ್ಡ ಬಸ್ಸುಗಳು ಬಂದು ಗೋರಿಯೊಳಗೆ ಉಸಿರಾಡೋಕೂ ಆಗಲ್ಲ. ಬೇಸಿಗೆಯಲ್ಲಾದರೆ ನಲವತ್ತು ಡಿಗ್ರಿ ದಾಟುತ್ತೆ, ಸುಣ್ಣಕಲ್ಲಿನ ಆ ಕಣಿವೆಯಲ್ಲಿ ಗಾಳಿಯೇ ಆಡಲ್ಲ. ಆ ಹೊತ್ತನ್ನ "ಹತ್ತು ನಿಮಿಷ, ಬಾತ್‌ರೂಂ ಇದೆ, ಚಹಾ ಫ್ರೀ" ಅಂತ ಅಂಗಡಿಗೆ ಕೊಟ್ಟುಬಿಟ್ಟರು.

ಅಂಗಡಿಯ ಆಟ ಎಲ್ಲ ಕಡೆ ಒಂದೇ. ಹೊರಗೆ ನೆಲದ ಮೇಲೆ ನಾಲ್ಕು ಜನ ಕೂತು ಕೈಯಲ್ಲಿ ಕಲ್ಲು ಉಜ್ಜುತ್ತಾರೆ. ಒಳಗೆ ದೀಪ ಆರಿಸಿ, ಹೂಜಿಯೊಳಗೆ ಬಲ್ಬ್ ಇಟ್ಟು ಬೆಳಕು ಹಾಯೋದನ್ನ ತೋರಿಸ್ತಾರೆ. ಕೈಯಲ್ಲಿ ಕೊರೆದ ಹೂಜಿ ಹಗುರ, ಗೋಡೆ ತೆಳು, ಬಾಯಿ ಸ್ವಲ್ಪ ಓರೆಕೋರೆ. ಮೆಷಿನ್‌ನದು ದಪ್ಪ, ಭಾರ, ಒಂದರ ಹಾಗೆ ಇನ್ನೊಂದು. ತೋರಿಸೋದು ಮೊದಲನೆಯದು, ಪೇಪರ್ ಸುತ್ತಿ ಕೊಡೋದು ಎರಡನೆಯದು. ಸುತ್ತೋ ಮುಂಚೆ ಕೈಯಲ್ಲಿ ಎತ್ತಿ ತೂಕ ನೋಡಿ, ನಿಮ್ಮ ಕಣ್ಮುಂದೆಯೇ ಸುತ್ತಿಸಿ. ಪಪೈರಸ್ (ಜೊಂಡಿನಿಂದ ಮಾಡೋ ಹಳೇ ಕಾಲದ ಕಾಗದ) ಅಂತ ಬಾಳೆ ನಾರಿನ ಹಾಳೆ ಕೊಡೋರೂ ಇದ್ದಾರೆ. ಅಸಲಿ ಹಾಳೆಯನ್ನ ಬೆಳಕಿಗೆ ಹಿಡಿದರೆ ಅಡ್ಡ-ಉದ್ದ ಪಟ್ಟಿಗಳು ಹೆಣೆದ ಹಾಗೆ ಕಾಣುತ್ತೆ, ಸುತ್ತಿ ಬಿಟ್ಟರೆ ಬಿರುಕು ಬಿಡಲ್ಲ. ಗೈಡ್, ಡ್ರೈವರ್ ಇಬ್ಬರಿಗೂ ಅಂಗಡಿಯಿಂದ ಕಮಿಷನ್ ಇರುತ್ತೆ. ಏನೂ ಕೊಳ್ಳದೆ ಹೊರಗೆ ಬಂದದ್ದಕ್ಕೆ ಮುಂದಿನ ಇಡೀ ದಿನ ಗೈಡ್ ಮುಖ ಗಂಟು.

ಮೂರು ಗೋರಿಯನ್ನಾದರೂ ನೆಟ್ಟಗೆ ತೋರಿಸಿದನಾ? ಅದೂ ಇಲ್ಲ. ಬಾಗಿಲಿಗೆ ಹತ್ತಿರ ಅಂತ ನಾಲ್ಕನೇ ರಾಮ್ಸೆಸ್ (2), ಒಂಬತ್ತನೇ ರಾಮ್ಸೆಸ್ (6) ಕಡೆಗೇ ತಳ್ಳಿದ. ಅವು ಕೆಟ್ಟವೇನಲ್ಲ, ಮೆಟ್ಟಿಲು ಕಡಿಮೆ, ವಯಸ್ಸಾದವರಿಗೆ ಅನುಕೂಲ. ಆದರೆ ಎಲ್ಲ ಗುಂಪೂ ಅಲ್ಲೇ ನುಗ್ಗುತ್ತೆ. ಸ್ವಲ್ಪ ನಡೆಯೋ ಶಕ್ತಿ ಇದ್ದರೆ ಮೂರನೇ ರಾಮ್ಸೆಸ್ (11), ತೌಸೆರ್ತ್-ಸೆತ್ನಖ್ತ್ (14) ಆರಿಸಿ. 14 ದೂರದಲ್ಲಿದೆ, ಜನ ಕಡಿಮೆ, ಒಳಗೆ ಎರಡು ದೊಡ್ಡ ಕೋಣೆ. ಮೊಣಕಾಲು ನೋವಿರೋರು ಮೆರೆನ್‌ಪ್ತಾ (8) ಬಿಡಿ, ಇಳಿಜಾರು ಕಡಿದು. ನನ್ನ ಕೇಳಿದರೆ ಒಂದೇ ಒಂದು ಬೇರೆ ಟಿಕೆಟ್ ತಗೊಳ್ಳೋದಾದರೆ ನಂಬರ್ 9 ತಗೊಳ್ಳಿ. ಬೆಲೆ ಕಡಿಮೆ, ಒಳಗಿನ ಸಮಾಧಿ ಕೋಣೆಯ ಚಾವಣಿ ಪೂರ್ತಿ ಆಕಾಶದೇವತೆ ನುಟ್‌ಳ ಚಿತ್ರ. ಟುಟಾಂಖಾಮನ್ ಗೋರಿ ಚಿಕ್ಕದು, 1922ರಲ್ಲಿ ಸಿಕ್ಕ ಬಂಗಾರವೆಲ್ಲ ಕೈರೋ ಕಡೆಯ ಮ್ಯೂಸಿಯಂಗೆ ಹೋಗಿದೆ. ಆದರೂ ರಾಜನ ಮಮ್ಮಿ ಅಲ್ಲೇ ಇದೆ, ಅದನ್ನ ನೋಡಬೇಕು ಅಂತಲೇ ಹಿರಿಯರು ಅಷ್ಟು ದೂರ ಬಂದಿದ್ದು. ಅದಕ್ಕೇ ಇಷ್ಟು ಸಿಟ್ಟು.

ಗೋರಿಯೊಳಗೆ ಕಾವಲಿನವರು "ನೋ ಫೋಟೋ" ಅಂತ ಹೇಳಿ, ಆಮೇಲೆ ಬಕ್ಷೀಸಿಗೆ ಕೈ ಚಾಚುತ್ತಾರೆ. ಸಾಮಾನ್ಯ ಟಿಕೆಟ್‌ನ ಗೋರಿಗಳಲ್ಲಿ ಮೊಬೈಲ್ ಫೋಟೋಗೆ ದುಡ್ಡಿಲ್ಲ, ಫ್ಲ್ಯಾಶ್ ಹಾಕಬಾರದು ಅಷ್ಟೇ. "ಇಂಡಿಯಾ? ಅಮಿತಾಭ್ ಬಚ್ಚನ್!" ಅಂತ ಹಿಂದೆ ಬಿದ್ದರೆ ನಿಲ್ಲಬೇಡಿ, ನಡೀತಾ ಇರಿ.

ಸಂಜೆ ಫೆಲುಕ್ಕಾದಲ್ಲೂ ಅದೇ ಕಥೆ. ಫೆಲುಕ್ಕಾಗೆ ಇಂಜಿನ್ ಇಲ್ಲ. ನೈಲ್ ಉತ್ತರಕ್ಕೆ ಹರಿಯುತ್ತೆ, ಗಾಳಿ ಸಾಮಾನ್ಯವಾಗಿ ಉತ್ತರದಿಂದ ಬೀಸುತ್ತೆ. ಹಾಯಿ ಬಿಚ್ಚಿ ದಕ್ಷಿಣಕ್ಕೆ ಹೋಗಿ, ಹರಿವಿನ ಜೊತೆ ವಾಪಸ್ ಬರ್ತಾರೆ. ಗಾಳಿ ನಿಂತರೆ ಮೋಟಾರ್ ಬೋಟ್ ಬಂದು ಎಳೀಬೇಕು. ನದಿ ಮಧ್ಯೆ ದೋಣಿಯವನು ಹುಟ್ಟು ಕೆಳಗಿಟ್ಟು, ಎಳೆಯೋಕೆ ಬೇರೆ ದುಡ್ಡು, "ಕ್ಯಾಪ್ಟನ್‌ಗೆ" ಬೇರೆ ದುಡ್ಡು ಅಂದ. ಏಜೆಂಟ್ ಫೋನ್ ಎತ್ತಲಿಲ್ಲ. 50 ಪೌಂಡ್ ನೋಟು ಕೊಟ್ಟರೆ, ಅದನ್ನ ಅಂಗೈಯಲ್ಲಿ ಮಡಚಿ, ತಿರುಗಿ ಚಿಕ್ಕದೊಂದು ನೋಟು ತೋರಿಸಿ "ಇದು ಐವತ್ತು ಪಿಯಾಸ್ಟರ್" ಅಂದ. ನೂರು ಪಿಯಾಸ್ಟರ್ ಸೇರಿದರೆ ಒಂದು ಪೌಂಡ್. ಅಂದರೆ ನಾವು ಕೊಟ್ಟಿದ್ದು ಅರ್ಧ ಪೌಂಡ್ ಅಂತ ಅವನ ವಾದ! ನೋಟು ಕೊಡೋವಾಗ ಬಿಚ್ಚಿ ಹಿಡಿದು, ಬಾಯಿಬಿಟ್ಟು "ಫಿಫ್ಟಿ ಪೌಂಡ್" ಅಂತ ಹೇಳಿ ಕೊಡಿ. ದರ ಮಾತಾಡೋವಾಗ ಈಜಿಪ್ಟ್ ಪೌಂಡಾ, ಇಂಗ್ಲೆಂಡ್ ಪೌಂಡಾ, ತಲೆಗಾ, ದೋಣಿಗಾ, ಎಳೆಯೋದೂ ಸೇರಿ ಎಷ್ಟು, ಇಷ್ಟನ್ನೂ ಹತ್ತೋ ಮುಂಚೆ ಕೇಳಿ ಬರೆಸಿಕೊಳ್ಳಿ.

ದುಡ್ಡು ವಾಪಸ್ ಕೇಳಿದ್ದಕ್ಕೆ ಏಜೆಂಟ್‌ನ ಕೊನೆಯ ಮೆಸೇಜ್: "ನೆಕ್ಸ್ಟ್ ಟೈಮ್ ಡಿಸ್ಕೌಂಟ್." ಆಮೇಲೆ ಬ್ಲಾಕ್.

ಟಿಕೆಟ್ ನೀವೇ ತಗೊಳ್ಳಿ, ಸರ್ಕಾರದ ಆನ್‌ಲೈನ್ ಟಿಕೆಟ್ ಇದೆ, ಕೌಂಟರ್ ಇದೆ. ಗೈಡ್ ಬೇಕಿದ್ದರೆ ಬರೀ ಗೈಡ್ ಕೆಲಸಕ್ಕೆ ಮಾತಾಡಿ, ಅಂಗಡಿ ಬೇಡ ಅಂತ ಮೊದಲೇ ಬರೆದು ಕಳಿಸಿ, ಪೂರ್ತಿ ದುಡ್ಡು ಸಂಜೆಗೆ ಕೊಡಿ. ಪಶ್ಚಿಮ ದಂಡೆಗೆ ದಾಟೋಕೆ ಲಕ್ಸರ್ ದೇವಾಲಯದ ಎದುರಿಂದ ಊರಿನವರೆಲ್ಲ ಹೋಗೋ ಫೆರ್ರಿ ಇದೆ, ಚಿಲ್ಲರೆ ಕಾಸು ಸಾಕು. ದಾರಿಯಲ್ಲಿ ಯಾರಾದರೂ ಫೆರ್ರಿ ಇವತ್ತು ನಿಂತಿದೆ, ನನ್ನ ಬೋಟ್‌ಗೆ ಬನ್ನಿ ಅಂದರೆ, ಮಾತಾಡದೆ ಕಟ್ಟೆವರೆಗೆ ನಡೆದುಹೋಗಿ ನೀವೇ ನೋಡಿ.