ಕಸೂತಿಯ ಗೋಪುರ ಮಣಿಗೆ ಇಳಿದಾಗ: ಮಗ್ಗ, ಪೆಯೋಟ್, ಬ್ರಿಕ್

ಧಾರವಾಡ ಸೀಮೆಯ ಕಸೂತಿಯನ್ನು ಮಣಿಯ ಒಡವೆಗೆ ಇಳಿಸಬೇಕು ಎನ್ನುವವರು ಮೊದಲು ಹೆಣಿಗೆಯ ಬಗೆಯನ್ನು ಆರಿಸಿಕೊಳ್ಳಬೇಕು. ಮಗ್ಗದ ನೇಯ್ಗೆ, ಸೂಜಿ ದಾರದಿಂದಲೇ ಹೆಣೆಯುವ ಪೆಯೋಟ್ ಮತ್ತು ಬ್ರಿಕ್, ಈ ಮೂರರಲ್ಲೂ ನಾನು ಕಸೂತಿಯ ಒಂದೇ ಗೋಪುರ ಚಿತ್ತಾರವನ್ನು ಮಾಡಿ ನೋಡಿದೆ. ನೆಲಕ್ಕೆ ಹೊಳಪಿಲ್ಲದ ಕಪ್ಪು, ಗೆರೆಗಳಿಗೆ ಕೆಂಪು ಮತ್ತು ಬಿಳಿ. ಚಂದ್ರಕಾಳಿ ಸೀರೆಯ ಕಪ್ಪು ಒಡಲ ಮೇಲೆ ಕಸೂತಿ ಎದ್ದು ಕಾಣುವ ಸೊಗಸೇ ನನ್ನ ಕಣ್ಣ ಮುಂದಿತ್ತು.

ಮಣಿ ಮಾತ್ರ ಮೂರಕ್ಕೂ ಒಂದೇ: ಜಪಾನಿನ ಮಿಯುಕಿ ಡೆಲಿಕಾ, 11ನೇ ಅಳತೆ. ಕೊಳವೆಯಂತಿರುವ ಈ ಮಣಿಯ ಅಡ್ಡಳತೆ ಸುಮಾರು 1.6 ಮಿ.ಮೀ., ರಂಧ್ರದ ಉದ್ದಕ್ಕೆ ಅಳೆದರೆ ಸುಮಾರು 1.3. ಈ ಚಿಕ್ಕ ವ್ಯತ್ಯಾಸವೇ ಮುಂದೆ ಎಲ್ಲವನ್ನೂ ತೀರ್ಮಾನಿಸುತ್ತದೆ.

ಕಸೂತಿ ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವ ಕೆಲಸ. ಮೊದಲೇ ಚಿತ್ರ ಬರೆದುಕೊಳ್ಳುವ ರೂಢಿಯಿಲ್ಲ. ಮಗ್ಗದ ಮೇಲೂ ಮಣಿಗಳು ಚೌಕದ ಮನೆಗಳಲ್ಲಿ ಕೂರುವುದರಿಂದ ಗೋಪುರದ ನೇರ ಗೆರೆ ನೇರವಾಗಿಯೇ, ಮೆಟ್ಟಿಲು ಮೆಟ್ಟಿಲಾಗಿಯೇ ಉಳಿಯುತ್ತದೆ. ಆದರೆ ಮಗ್ಗದಲ್ಲಿ ಮಣಿಯ ರಂಧ್ರ ಅಡ್ಡಕ್ಕೆ ಇರುವುದರಿಂದ ಚೌಕದ ಕಾಗದದ ಮೇಲೆ 20 ಮನೆ ಅಗಲ, 20 ಮನೆ ಎತ್ತರ ಬರೆದ ಗೋಪುರ ಮಣಿಯಲ್ಲಿ 26 ಮಿ.ಮೀ. ಅಗಲ, 32 ಮಿ.ಮೀ. ಎತ್ತರವಾಗುತ್ತದೆ. ಗೋಪುರಕ್ಕೆ ಈ ಎತ್ತರ ಚೆಲುವನ್ನೇ ತರುತ್ತದೆ, ಕಸೂತಿಯ ಆನೆ ಚಿತ್ತಾರಕ್ಕೆ ತರುವುದಿಲ್ಲ. ಆನೆಯ ಕಾಲುಗಳು ಉದ್ದವಾಗಿ ಅದು ಒಂಟೆಯ ಹಾಗೆ ಕಾಣುತ್ತದೆ, ಆದ್ದರಿಂದ ಎತ್ತರದಲ್ಲಿ ಐದಕ್ಕೆ ಒಂದು ಸಾಲಿನಂತೆ ಕಡಿಮೆ ಮಾಡಬೇಕು. ಶಿಖರದ ಕಳಶ ನಟ್ಟನಡುವೆ ಬರಲು ಬೆಸ ಸಂಖ್ಯೆಯ ಮಣಿ ಬೇಕು. ಮಗ್ಗಕ್ಕೆ ಅದು ಕಷ್ಟವೇ ಅಲ್ಲ: 21 ಮಣಿಗೆ 22 ಹಾಸಿನ ಎಳೆ, ಅಂದರೆ ಮಗ್ಗದ ಉದ್ದಕ್ಕೆ ಬಿಗಿಯುವ ದಾರ, ಕಟ್ಟಿದರಾಯಿತು. ಕಷ್ಟ ಇರುವುದು ಕೊನೆಯಲ್ಲಿ. ಎರಡೂ ತುದಿ ಸೇರಿ 44 ಎಳೆಗಳನ್ನು ಮಣಿಗಳೊಳಗೆ ಹಿಂದಿರುಗಿಸಿ ಅಡಗಿಸಬೇಕು. ಗಂಟಿಲ್ಲದೆ, ಎರಡೂ ಬದಿ ಒಂದೇ ತೆರನಾಗಿ ಕಾಣುವ ಕಸೂತಿಯ ಗವಂತಿ ಹೊಲಿಗೆಯನ್ನು ನೋಡಿದವರಿಗೆ ಇಲ್ಲಿ ಗಂಟು ಹಾಕಿ ಕೈತೊಳೆದುಕೊಳ್ಳಲು ಮನಸ್ಸು ಬಾರದು.

ಪೆಯೋಟ್‌ಗೆ ಮಗ್ಗ ಬೇಡ, ಸೂಜಿ ದಾರ ಸಾಕು. ಪಟ್ಟಿ ಬಿಗಿಯಾಗಿ, ಗಟ್ಟಿಯಾಗಿ ಬರುತ್ತದೆ. ದಿನವೂ ತೊಡುವ ಕೈಪಟ್ಟಿಗೆ ನಾನು ಇದನ್ನೇ ನಂಬುತ್ತೇನೆ. ಇಲ್ಲಿ ಪಕ್ಕಪಕ್ಕದ ಕಂಬಸಾಲುಗಳು ಅರ್ಧ ಮಣಿಯಷ್ಟು ಮೇಲೆ ಕೆಳಗೆ ಕೂರುತ್ತವೆ. ಹಾಗಾಗಿ ಗೋಪುರದ ಅಡ್ಡಗೆರೆಗಳೆಲ್ಲ ಹಲ್ಲುಹಲ್ಲಾದವು, ಅದು ನನಗೆ ಒಪ್ಪಿಗೆಯಾಗಲಿಲ್ಲ. ಬೆಸ ಸಂಖ್ಯೆಯಾದರೆ ಎರಡು ಸಾಲಿಗೊಮ್ಮೆ ಅಂಚಿನಲ್ಲಿ ದಾರವನ್ನು ಸುತ್ತಿ ತರುವ ಕೆಲಸ ಬೇರೆ. ಆದರೆ ಕಸೂತಿಯ ಮುರ್ಗಿ ಹೊಲಿಗೆಯ ಅಂಕುಡೊಂಕು ಗೆರೆಗೆ ಪೆಯೋಟ್‌ನಷ್ಟು ಹೊಂದುವುದು ಇನ್ನೊಂದಿಲ್ಲ. ಮಗ್ಗದಲ್ಲಿ ಓರೆಗೆರೆಯ ಮಣಿಗಳು ಮೂಲೆಗೆ ಮೂಲೆ ಮಾತ್ರ ತಾಗಿ ಚುಕ್ಕಿಗಳಂತೆ ಬಿಡಿಬಿಡಿಯಾಗುತ್ತವೆ. ಇಲ್ಲಿ ಅರ್ಧ ಬದಿ ಒತ್ತಿಕೊಂಡು ಗೆರೆ ಎಲ್ಲಿಯೂ ಕಡಿಯದೆ ಹರಿಯುತ್ತದೆ.

ಬ್ರಿಕ್ ಎಂದರೆ ಪೆಯೋಟ್ ಅನ್ನು ಪಕ್ಕಕ್ಕೆ ತಿರುಗಿಸಿದ ರೂಪ, ದಾರ ಹೋಗುವ ದಾರಿ ಮಾತ್ರ ಬೇರೆ. 11 ಮಣಿಯ ಬುಡದಿಂದ ಹೊರಟು ಸಾಲಿಗೊಂದು ಮಣಿ ಕಡಿಮೆ ಮಾಡುತ್ತ ಹೋದರೆ ತಾನಾಗಿಯೇ ತ್ರಿಕೋನ ಏಳುತ್ತದೆ, ಇಳಿಜಾರು 58 ಡಿಗ್ರಿಯ ಆಸುಪಾಸು. ಕಿವಿಯೋಲೆಗೆ ಹೇಳಿ ಮಾಡಿಸಿದ ಗೋಪುರ ಇದು. ಒಳಗಿನ ಕುಸುರಿ ಬಿಡಿಸಲು ಜಾಗ ಸಾಲದು, ಹೊರಗಿನ ಆಕಾರವೇ ಸಾಕು. ಉದ್ದದ ಪಟ್ಟಿಗೆ ಮಾತ್ರ ಬ್ರಿಕ್ ಬೇಡ, ತೀರಾ ನಿಧಾನ.

ಒಂದನ್ನೇ ಆರಿಸು ಎಂದರೆ ನನ್ನ ಆಯ್ಕೆ ಮಗ್ಗ. ಗೋಪುರ, ತೇರು, ತುಳಸಿಕಟ್ಟೆ ಇವೆಲ್ಲ ಅಲ್ಲಿಯೇ ತಮ್ಮ ನಿಲುವನ್ನು ಉಳಿಸಿಕೊಳ್ಳುತ್ತವೆ. ದುಂಡುಮಣಿ ಅಗ್ಗ ಎಂದು ಅದನ್ನು ಮಗ್ಗಕ್ಕೆ ಏರಿಸುವವರು ಗಾತ್ರ ನೋಡಿ ಆರಿಸಿಟ್ಟುಕೊಳ್ಳಲೇಬೇಕು. ದಪ್ಪ ಮಣಿ ಒಂದೇ ಕಂಬಸಾಲಿನಲ್ಲಿ ಸೇರುತ್ತ ಹೋದರೆ ಪಟ್ಟಿಯೇ ಒಂದು ಬದಿಗೆ ವಾಲುತ್ತದೆ.