ಹೆಪಟೈಟಿಸ್ ಕಾರ್ಡ್ ಟೆಸ್ಟ್: ಲಿಂಫೋಮಾ ಚಿಕಿತ್ಸೆಗೆ ಮುನ್ನ ಇದೊಂದೇ ಸಾಲದು

ಶಿಬಿರಗಳಲ್ಲಿ, ತುರ್ತು ಘಟಕಗಳಲ್ಲಿ ಯಕೃತ್ತಿನ ವೈರಸ್ ಸೋಂಕುಗಳಾದ ಹೆಪಟೈಟಿಸ್ ಬಿ, ಸಿ ಪತ್ತೆಗೆ ಬಳಸುವ ಕಾರ್ಡ್ ಟೆಸ್ಟ್ (ರಕ್ತದ ಹನಿ ಹಾಕಿ ಗೆರೆ ನೋಡುವ ಪರೀಕ್ಷೆ) ಅಷ್ಟರ ಮಟ್ಟಿಗೆ ಒಳ್ಳೆಯ ಸಾಧನ. ಕಾರ್ಡ್ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ‘ಸಿ’ (ಕಂಟ್ರೋಲ್) ಗೆರೆ ಮೂಡದಿದ್ದರೆ ಕಾರ್ಡ್ ಎಸೆದು ಹೊಸದರಲ್ಲಿ ಮಾಡಬೇಕು. ಸೋಂಕು ತೋರಿಸುವ ‘ಟಿ’ (ಟೆಸ್ಟ್) ಗೆರೆ ಎಷ್ಟೇ ಮಸುಕಾಗಿದ್ದರೂ ಪಾಸಿಟಿವ್ ಎಂದೇ ಹಿಡಿದು ಎಲೈಸಾ ಎಂಬ ಲ್ಯಾಬ್ ಪರೀಕ್ಷೆಗೆ ಕಳಿಸಬೇಕು. ಕಿಟ್‌ನಲ್ಲಿ ಹೇಳಿದ ಹೊತ್ತು ಮೀರಿ ಓದಿದರೆ ಇಲ್ಲದ ಗೆರೆಯೂ ಕಾಣಿಸೀತು.

ಲಿಂಫೋಮಾ (ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್) ರೋಗಿಗೆ ರಿಟುಕ್ಸಿಮ್ಯಾಬ್ ಎಂಬ ಔಷಧ ಕೊಡುವ ಮುನ್ನ ಮಾತ್ರ ಇದನ್ನೇ ನಂಬಿ ಕೂರುವಂತಿಲ್ಲ. ಬಿ ಕಾರ್ಡ್ ಹಿಡಿಯುವುದು ವೈರಸ್ಸಿನ ಮೇಲ್ಮೈ ಆಂಟಿಜನ್ ಒಂದನ್ನೇ. ಹಳೆಯ ಸೋಂಕು ವಾಸಿಯಾದವರಲ್ಲಿ ಅದು ಕಾಣಿಸುವುದಿಲ್ಲ, ಆದರೆ ವೈರಸ್ಸಿನ ಡಿಎನ್‌ಎ ಯಕೃತ್ತಿನ ಜೀವಕೋಶಗಳಲ್ಲಿ ಉಳಿದಿರುತ್ತದೆ. ರಿಟುಕ್ಸಿಮ್ಯಾಬ್ ಬಿ ಕೋಶಗಳೆಂಬ ಬಿಳಿ ರಕ್ತಕಣಗಳನ್ನು ಅಳಿಸಿದಾಗ ಕಾವಲು ತಪ್ಪಿ ವೈರಸ್ ಮತ್ತೆ ಎದ್ದು, ಯಕೃತ್ತು ವಿಫಲವಾಗುವವರೆಗೂ ಹೋಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಈ ಕುರಿತು ಔಷಧದ ಮೇಲೆ ಚೌಕಟ್ಟಿನ ಎಚ್ಚರಿಕೆಯನ್ನೇ ಹಾಕಿಸಿತು.

ಹಾಗಾಗಿ ಲ್ಯಾಬ್ ಚೀಟಿಯಲ್ಲಿ ಎಚ್‌ಬಿಎಸ್‌ಎಜಿ (ಬಿ ವೈರಸ್ಸಿನ ಆ ಮೇಲ್ಮೈ ಆಂಟಿಜನ್) ಜೊತೆಗೆ, ವೈರಸ್ಸಿನ ಒಳತಿರುಳಿನ ವಿರುದ್ಧದ ಪ್ರತಿಕಾಯ ಹುಡುಕುವ ‘ಆಂಟಿ-ಎಚ್‌ಬಿಸಿ ಟೋಟಲ್’ ಎಂದು ಸ್ಪಷ್ಟವಾಗಿ ಬರೆಸಿ. ಹೊಸ ಸೋಂಕಿನಲ್ಲಿ ಮುಖ್ಯವಾಗಿ ಕಾಣುವ ಐಜಿಎಂ ಪ್ರತಿಕಾಯದ ಪರೀಕ್ಷೆ ಮಾತ್ರ ಮಾಡಿಸಿದರೆ ಹಳೆಯ ಸೋಂಕು ತಪ್ಪಿಹೋಗುತ್ತದೆ. ದಾನಿಗಳ ಪ್ರತಿಕಾಯಗಳಿರುವ ಇಮ್ಯುನೊಗ್ಲೋಬ್ಯುಲಿನ್ ಡ್ರಿಪ್ ಕೊಡುವ ಮೊದಲೇ ರಕ್ತ ತೆಗೆಯಬೇಕು, ಇಲ್ಲವಾದರೆ ದಾನಿಯ ಪ್ರತಿಕಾಯವೇ ಪಾಸಿಟಿವ್ ತೋರಿಸಬಹುದು. ಪಾಸಿಟಿವ್ ಬಂದರೆ ಎಚ್‌ಬಿವಿ (ಹೆಪಟೈಟಿಸ್ ಬಿ ವೈರಸ್) ಡಿಎನ್‌ಎ ನೋಡಿ, ಸಾಮಾನ್ಯವಾಗಿ ವೈರಸ್ ತಡೆಯುವ ಮಾತ್ರೆ ಎಂಟೆಕಾವಿರ್ 0.5 ಮಿ.ಗ್ರಾಂ. ದಿನಕ್ಕೊಂದು, ಖಾಲಿ ಹೊಟ್ಟೆಯಲ್ಲಿ. ರಿಟುಕ್ಸಿಮ್ಯಾಬ್ ಮುಗಿದ ಮೇಲೂ ಕನಿಷ್ಠ 12 ತಿಂಗಳು ಅದು ನಡೆಯಬೇಕು. 18 ತಿಂಗಳು ಕೊಡಿ ಎನ್ನುವ ಮಾರ್ಗಸೂಚಿಗಳೂ ಇವೆ. ಕೀಮೋ ಮುಗಿಯಿತೆಂದು ಮಾತ್ರೆಯನ್ನೂ ಬಿಡುವುದು ಅಪಾಯ.

ಸಿ ಕಾರ್ಡಿನ ಕೊರತೆ ಬೇರೆ ಬಗೆಯದು. ಅದು ನೋಡುವುದು ಪ್ರತಿಕಾಯವನ್ನು. ವಾಸಿಯಾದವರಲ್ಲೂ ಅದು ಉಳಿಯುತ್ತದೆ, ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಹುಟ್ಟದೆಯೂ ಇರಬಹುದು. ಹಾಗಾಗಿ ವೈರಸ್ಸನ್ನೇ ನೇರ ಹುಡುಕುವ ಎಚ್‌ಸಿವಿ (ಹೆಪಟೈಟಿಸ್ ಸಿ ವೈರಸ್) ಆರ್‌ಎನ್‌ಎ ಪರೀಕ್ಷೆ ಮಾಡಿಸಲೇಬೇಕು. ಈ ವೈರಸ್ ವರ್ಷಗಟ್ಟಲೆ ಬಿ ಕೋಶಗಳನ್ನು ಕೆರಳಿಸುತ್ತ ಹೋಗುವುದರಿಂದ ಮಾರ್ಜಿನಲ್ ಝೋನ್ ಮತ್ತು ದೊಡ್ಡ ಬಿ ಕೋಶ ಎಂಬ ಬಗೆಯ ಲಿಂಫೋಮಾಗಳ ಸಾಧ್ಯತೆ ಏರುತ್ತದೆ, ಸೋಂಕಿತರಲ್ಲಿ ಬಹುಪಾಲು ಜನರಿಗೆ ಅದು ಬಾರದು ಎಂಬುದೂ ಅಷ್ಟೇ ನಿಜ. 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸೋಂಕಿನ ಜೊತೆ ಗುಲ್ಮದ (ಸ್ಪ್ಲೀನ್) ಲಿಂಫೋಮಾ ಇದ್ದ 9 ಮಂದಿಗೆ ವೈರಸ್ ವಿರುದ್ಧದ ಔಷಧ ಇಂಟರ್‌ಫೆರಾನ್ ಕೊಟ್ಟಾಗ, ವೈರಸ್ ತೊಲಗಿದ 7 ಮಂದಿಯಲ್ಲಿ ಗಡ್ಡೆರೋಗವೂ ಹಿಮ್ಮೆಟ್ಟಿತು. ಈಗ ಸಿ ವೈರಸ್ಸಿಗೆ 8ರಿಂದ 12 ವಾರದ ಮಾತ್ರೆಗಳೇ ಇವೆ. ನಿಧಾನವಾಗಿ ಬೆಳೆಯುವ ಬಗೆಯಾದರೆ, ಕೀಮೋಗೆ ಆತುರವಿಲ್ಲದಿದ್ದಾಗ ಮೊದಲು ವೈರಸ್ಸಿಗೆ ಚಿಕಿತ್ಸೆ ಕೊಡುವುದೇ ಸರಿಯಾದ ದಾರಿ. ಈ ಮಾತ್ರೆಗಳೂ ಅಡಗಿರುವ ಬಿ ವೈರಸ್ಸನ್ನು ಎಬ್ಬಿಸಬಲ್ಲವು, ಆದ್ದರಿಂದ ಬಿ ವರದಿ ಕೈಗೆ ಬಂದ ಮೇಲೆಯೇ ಶುರು ಮಾಡಿಸಿ.