ಪಿಕಪ್ ಮೇಲೆ ಪ್ರೆಷರ್ ವಾಷರ್: ಮೂರು ಸೀಸನ್ ದುಡಿಸಿದ ಮೇಲೆ

ಮಂಗಳೂರು, ಉಡುಪಿ ಕಡೆ ಮನೆಗಳ ಅಂಗಳದ ಇಂಟರ್‌ಲಾಕ್, ಕೆಂಪುಕಲ್ಲಿನ ಕಂಪೌಂಡು, ಹಂಚಿನ ಮಾಡು ತೊಳೆದುಕೊಡುವುದು ನಮ್ಮ ಕೆಲಸ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುವ ಊರು ಇದು. ಪಾಚಿಗೆ ಇಲ್ಲಿ ಬರ ಇಲ್ಲ. ಮಳೆ ನಿಂತು ದೀಪಾವಳಿ ಹತ್ತಿರ ಬಂದರೆ ಫೋನು ಕೆಳಗಿಡಲು ಬಿಡುವುದಿಲ್ಲ. ಆಮೇಲೆ ಮದುವೆ, ದೈವದ ನೇಮ, ಗೃಹಪ್ರವೇಶ ಅಂತ ಮೇ ತಿಂಗಳವರೆಗೂ ಕೆಲಸ ಇರುತ್ತದೆ.

ಗಾಡಿಯ ಸೆಟಪ್ ಹೇಳಿಬಿಡುತ್ತೇನೆ. ಒಂದೂವರೆ ಟನ್ ಹೊರುವ ಸೆಕೆಂಡ್ ಹ್ಯಾಂಡ್ ಪಿಕಪ್. ಅದರ ಮೇಲೆ 750 ಲೀಟರಿನ ಟ್ಯಾಂಕು. 13 ಎಚ್‌ಪಿ ಪೆಟ್ರೋಲ್ ಇಂಜಿನ್, ಅದಕ್ಕೆ ಜೋಡಿಸಿದ ಮೂರು ಪ್ಲಂಜರಿನ ಪಂಪು, ನಿಮಿಷಕ್ಕೆ 15 ಲೀಟರ್ ನೀರು, ಒತ್ತಡ 200 ಬಾರ್. ರೀಲಿನಲ್ಲಿ ಸುತ್ತಿದ 50 ಮೀಟರ್ ಹೋಸ್. ಹೈಪೋ, ಅಂದರೆ ಪಾಚಿ ಕೊಲ್ಲುವ ಬ್ಲೀಚಿನ ದ್ರಾವಣ (ಸೋಡಿಯಂ ಹೈಪೋಕ್ಲೋರೈಟ್), ಸಿಂಪಡಿಸಲು 12 ವೋಲ್ಟಿನ ಸಣ್ಣ ಡಯಾಫ್ರಮ್ ಪಂಪು, ಅದಕ್ಕೆ ಬೇರೆ ಬ್ಯಾಟರಿ. ಎಲ್ಲವೂ ಒಂದೇ ಕಬ್ಬಿಣದ ಫ್ರೇಮಿನ ಮೇಲೆ ಕೂತಿದೆ. ಫ್ರೇಮ್ ಮಾಡಿದ್ದು ನಮ್ಮೂರಿನ ವೆಲ್ಡಿಂಗ್ ಶಾಪಿನವರು.

ಈ ಕೆಲಸಕ್ಕೆ ಇಳಿಯುವವರು ಮೊದಲು ಕೇಳುವುದು ಬಾರ್ ಎಷ್ಟು ಅಂತ. ಗಿರಾಕಿಗಳೂ ಹಾಗೆಯೇ, "ನಿಮ್ಮ ಮಿಷನ್ ಎಷ್ಟು ಬಾರ್ ಉಂಟು ಮಾರಾಯ್ರೆ?" ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅದು ಕೊನೆಗೆ ನೋಡಬೇಕಾದ ಸಂಖ್ಯೆ. ಮೊದಲು ಭಾರ, ಆಮೇಲೆ ನಿಮಿಷಕ್ಕೆ ಎಷ್ಟು ಲೀಟರ್, ಆಮೇಲೆ ಬಾರ್.

ನೀರು ಲೀಟರಿಗೆ ಒಂದು ಕಿಲೋ. ಸಾವಿರ ಲೀಟರಿನ ಟ್ಯಾಂಕು ತುಂಬಿದರೆ ಅಲ್ಲಿಗೇ ಒಂದು ಟನ್ ಆಯಿತು. ಅದರ ಮೇಲೆ ಇಂಜಿನ್, ಪಂಪು, ಫ್ರೇಮು, ಹೋಸು, ಹೈಪೋ ಕ್ಯಾನು, ಏಣಿ, ಇಬ್ಬರು ಹುಡುಗರು. ಮುಕ್ಕಾಲು ಟನ್ ಹೊರುವ ಸಣ್ಣ ಗಾಡಿಗೆ ಐನೂರು ಲೀಟರ್ ನೀರು ಹಾಕಿದರೂ ಉಳಿಯುವುದು ಅಷ್ಟಕ್ಕಷ್ಟೆ. ಓವರ್‌ಲೋಡ್ ಹಿಡಿದರೆ 20,000 ರೂಪಾಯಿ ದಂಡ, ಜಾಸ್ತಿಯಾದ ಪ್ರತಿ ಟನ್ನಿಗೆ ಮತ್ತೆ 2,000. ದಂಡಕ್ಕಿಂತ ದೊಡ್ಡ ತಲೆನೋವು ಬ್ರೇಕಿನದು. ಭಾರ ಜಾಸ್ತಿಯಾದ ಗಾಡಿ ಇಳಿಜಾರಿನಲ್ಲಿ ನಿಲ್ಲುವುದೇ ಇಲ್ಲ.

ಅದಕ್ಕೇ 750ಕ್ಕೆ ನಿಲ್ಲಿಸಿದ್ದು. ಟ್ಯಾಂಕು ಕ್ಯಾಬಿನ್ನಿಗೆ ಒತ್ತಿ, ಹಿಂದಿನ ಆಕ್ಸಲ್‌ಗಿಂತ ಮುಂದೆ ಕೂತಿದೆ. ಇಂಜಿನ್ ಪಂಪು ಹಿಂದೆ. ಕೆಲವರು ಪೈಪ್ ಜೋಡಿಸಲು ಸುಲಭ ಅಂತ ಟ್ಯಾಂಕನ್ನೇ ಹಿಂದಿನ ಬಾಗಿಲಿನ ಹತ್ತಿರ ಇಡುತ್ತಾರೆ. ಭಾರ ಆಕ್ಸಲ್ ದಾಟಿ ಹಿಂದೆ ಹೋದರೆ ಮುಂದಿನ ಚಕ್ರ ಹಗುರಾಗುತ್ತದೆ, ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ಇನ್ನೊಂದು, ಟ್ಯಾಂಕು ಪೂರ್ತಿ ತುಂಬಿರಬೇಕು ಇಲ್ಲವೇ ಖಾಲಿ ಇರಬೇಕು. ಅರ್ಧ ತುಂಬಿದ ಟ್ಯಾಂಕಿನಷ್ಟು ಕೆಟ್ಟದ್ದು ಬೇರೆ ಇಲ್ಲ. ನಮ್ಮದರ ಒಳಗೆ ನೀರು ತುಳುಕದಂತೆ ಅಡ್ಡಗೋಡೆ ಇದೆ, ಆದರೂ ಚಿಕ್ಕಮಗಳೂರು ಕಡೆ ಹೋಂಸ್ಟೇ ಕೆಲಸ ಸಿಕ್ಕಿದಾಗ ಚಾರ್ಮಾಡಿ ಘಾಟಿಯನ್ನು ಖಾಲಿ ಟ್ಯಾಂಕಿನಲ್ಲೇ ಹತ್ತುತ್ತೇವೆ. ನೀರು ಅಲ್ಲೇ ಸಿಗುತ್ತದೆ.

ನಿಮಿಷಕ್ಕೆ 15 ಲೀಟರ್ ಅಂದರೆ 750 ಲೀಟರ್ ಐವತ್ತು ನಿಮಿಷದಲ್ಲಿ ಮುಗಿಯಬೇಕು. ಇಷ್ಟರಲ್ಲಿ ಏನಾಗುತ್ತದೆ ಅಂತ ಅನಿಸಬಹುದು. ಆದರೆ ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಬಾವಿ ಇದೆ. ಒಂದು ಎಚ್‌ಪಿಯ ಬಾವಿ ಪಂಪು ನಾವು ಖರ್ಚು ಮಾಡುವುದಕ್ಕಿಂತ ಜಾಸ್ತಿಯೇ ನೀರು ಕೊಡುತ್ತದೆ. ಹಾಗಾಗಿ ನಮ್ಮ ಟ್ಯಾಂಕು ನೀರು ಸಾಗಿಸಲು ಅಲ್ಲ, ನಡುವೆ ಕರೆಂಟು ಹೋದರೆ ಕೆಲಸ ನಿಲ್ಲದಿರಲಿ ಅಂತ. ಟ್ಯಾಂಕು ತುಂಬಿದಾಗ ನೀರನ್ನು ತಾನಾಗಿ ನಿಲ್ಲಿಸುವ ಫ್ಲೋಟ್ ವಾಲ್ವ್ ಹಾಕಿಲ್ಲ. ಬಾವಿ ಪಂಪು ಓಡುತ್ತಿರುವಾಗ ದಾರಿ ಮುಚ್ಚಿದರೆ ಪೈಪು ಕಿತ್ತು ಹಾರುತ್ತದೆ. ದಪ್ಪ ಓವರ್‌ಫ್ಲೋ ಪೈಪು ಒಂದಿದೆ, ಅದನ್ನು ತೆಂಗಿನ ಬುಡಕ್ಕೆ ಬಿಟ್ಟರೆ ಮನೆಯವರಿಗೂ ಖುಷಿ. ಏಪ್ರಿಲ್ ಮೇ ತಿಂಗಳಲ್ಲಿ ಮಾತ್ರ ಕೆಲಸ ಒಪ್ಪಿಕೊಳ್ಳುವ ಮೊದಲೇ "ಬಾವಿಯಲ್ಲಿ ನೀರು ಎಷ್ಟು ಉಂಟು ಅಕ್ಕಾ?" ಅಂತ ಕೇಳಿಕೊಳ್ಳುತ್ತೇನೆ. ತಳದ ಕೆಸರು ನೀರು ಪಂಪಿಗೆ ವಿಷ. ಒಳಬರುವ ಪೈಪಿನ ಫಿಲ್ಟರನ್ನು ದಿನಾ ಬಿಚ್ಚಿ ತೊಳೆಯಲೇಬೇಕು.

ಬೆಂಗಳೂರಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. 2024ರ ಮಾರ್ಚಿನಲ್ಲಿ ಅಲ್ಲಿನ ಜಲಮಂಡಳಿ ಕುಡಿಯುವ ನೀರಿನಲ್ಲಿ ಗಾಡಿ ತೊಳೆಯುವಂಥ ಕೆಲಸಗಳಿಗೆ ನಿಷೇಧ ಹಾಕಿ 5,000 ರೂಪಾಯಿ ದಂಡ ಇಟ್ಟಿತ್ತು. ಅಲ್ಲಿ ಶುರುಮಾಡುವವರು ನೀರನ್ನು ತಾವೇ ಹೊತ್ತುಕೊಂಡು ಹೋಗುವ ಲೆಕ್ಕದಲ್ಲೇ ಟ್ಯಾಂಕು ಮತ್ತು ಗಾಡಿ ಆರಿಸಿಕೊಳ್ಳಲಿ.

ಪೆಟ್ರೋಲ್ ಇಂಜಿನ್ ಯಾಕೆ, ಕರೆಂಟಿನದು ಅಗ್ಗ ಅಲ್ವಾ ಅಂತ ತುಂಬ ಜನ ಕೇಳುತ್ತಾರೆ. 15 ಲೀಟರ್ ನೀರನ್ನು 200 ಬಾರಿನಲ್ಲಿ ತಳ್ಳಲು ನೀರಿಗೇ 5 ಕಿಲೋವ್ಯಾಟ್ ಬೇಕು. ಮನೆಯ 15 ಆಂಪಿಯರಿನ ಪ್ಲಗ್ಗು ಮೂರೂವರೆಗಿಂತ ಜಾಸ್ತಿ ಕೊಡುವುದಿಲ್ಲ. ಸಿಂಗಲ್ ಫೇಸಿನ ಮಿಷನ್ನಿಗೆ ನಿಮಿಷಕ್ಕೆ ಎಂಟೋ ಹತ್ತೋ ಲೀಟರ್ ಬರುತ್ತದೆ, ಅಷ್ಟೆ. ಕಾರು ತೊಳೆಯಲು ಅದು ಸಾಕು. ಎರಡು ಸಾವಿರ ಚದರಡಿ ಅಂಗಳಕ್ಕೆ ಸಾಲದು. ಪಾಚಿ ಬಿಡಿಸುವುದು ಬಾರ್, ಬಿಡಿಸಿದ್ದನ್ನು ದೂಡಿಕೊಂಡು ಹೋಗುವುದು ಲೀಟರ್. ಲೀಟರ್ ಕಡಿಮೆಯಾದರೆ ಪಾಚಿ ಅಲ್ಲೇ ಪಕ್ಕದಲ್ಲಿ ಹೋಗಿ ಕೂರುತ್ತದೆ. ಸರ್ಫೇಸ್ ಕ್ಲೀನರ್, ಅಂದರೆ ತಟ್ಟೆಯ ಅಡಿಯಲ್ಲಿ ಎರಡು ನಾಜಲ್ ತಿರುಗುವ ಆ ಯಂತ್ರಕ್ಕಂತೂ ಲೀಟರ್ ಬೇಕೇ ಬೇಕು. ಬರೀ ಗನ್ನಿನಲ್ಲಿ ತೊಳೆದರೆ ಅಂಗಳದ ತುಂಬ ಪಟ್ಟೆ ಪಟ್ಟೆ ಕಾಣುತ್ತದೆ.

ಪೆಟ್ರೋಲಿನ ಖರ್ಚು ಕಡಿಮೆಯೇನಲ್ಲ, ಲೋಡಿನಲ್ಲಿ ಗಂಟೆಗೆ ಮೂರು ಲೀಟರಿನ ಹತ್ತಿರ. ಸದ್ದೂ ಜೋರು. ಮಧ್ಯಾಹ್ನ ಊಟದ ನಂತರ ಒಂದು ಗಂಟೆ ಇಂಜಿನ್ ಮುಟ್ಟುವುದಿಲ್ಲ, ಅಕ್ಕಪಕ್ಕದ ಮನೆಗಳಲ್ಲಿ ಹಿರಿಯರು ಮಲಗಿರುತ್ತಾರೆ.

ಪಂಪು ಇದುವರೆಗೆ ದೊಡ್ಡ ತೊಂದರೆ ಕೊಟ್ಟಿಲ್ಲ. ಮೊದಲ 50 ಗಂಟೆಗೆ ಆಯಿಲ್ ಬದಲಿಸಿದೆ, ಆಮೇಲೆ ಹೇಳಿದ ಗಂಟೆಗೆ ಸರಿಯಾಗಿ. ವಾಟರ್ ಸೀಲ್ ಒಮ್ಮೆ ಹೋಯಿತು, ಅದು ಸವೆಯುವ ಮಾಲೇ. ಪಂಪನ್ನು ಬೇಗ ಕೊಲ್ಲುವುದು ಬೇರೆಯದೇ ಅಭ್ಯಾಸ. ಟ್ರಿಗರ್ ಬಿಟ್ಟು, ಇಂಜಿನ್ ಓಡಲು ಬಿಟ್ಟು, ಹುಡುಗರು ಚಹಾಕ್ಕೆ ಹೋಗುತ್ತಾರೆ. ಆಗ ಅದೇ ನೀರು ಅನ್‌ಲೋಡರ್ (ಟ್ರಿಗರ್ ಬಿಟ್ಟಾಗ ನೀರನ್ನು ವಾಪಸ್ ತಿರುಗಿಸುವ ವಾಲ್ವ್) ಮೂಲಕ ಪಂಪಿನೊಳಗೇ ಸುತ್ತಿ ಸುತ್ತಿ ಬಿಸಿಯಾಗುತ್ತದೆ, ಸೀಲ್ ಸುಡುತ್ತದೆ. ನಮ್ಮದರಲ್ಲಿ ಬೈಪಾಸ್ ಪೈಪನ್ನು ವಾಪಸ್ ಟ್ಯಾಂಕಿಗೇ ಬಿಟ್ಟಿದ್ದೇವೆ. ಇಷ್ಟು ನೀರು ಅಷ್ಟು ಬೇಗ ಬಿಸಿಯಾಗುವುದಿಲ್ಲ. ಒಂದು ತುಂಡು ಪೈಪಿನ ಖರ್ಚು, ಅಷ್ಟೆ. ರೆಡಿಮೇಡ್ ಸೆಟ್ ಮಾರುವವರು ಎಷ್ಟೋ ಜನ ಇದನ್ನು ಮಾಡಿಕೊಡುವುದೇ ಇಲ್ಲ, ಕೇಳಿ ಮಾಡಿಸಿಕೊಳ್ಳಬೇಕು.

ಸಿಟ್ಟು ಬರಿಸಿದ್ದು ಹೋಸ್ ರೀಲು. ಮೊದಲು ಬಂದದ್ದರ ಸ್ವಿವೆಲ್, ಅಂದರೆ ತಿರುಗುವ ರೀಲಿಗೆ ನೀರು ಕೊಡುವ ಜಾಯಿಂಟು, ಒಂದು ಸೀಸನ್ನಿನಲ್ಲೇ ಸೋರಲು ಶುರುವಾಯಿತು. ಮಾರಿದ ಅಂಗಡಿಯವರು ಸೀಲ್ ಕಿಟ್ ಬರುತ್ತದೆ ಬರುತ್ತದೆ ಅಂತ ಮಳೆಗಾಲ ಕಳೆದರು. ಕೊನೆಗೆ ಬೇರೆ ಕಡೆಯಿಂದ ಸ್ಟೀಲ್ ಸ್ವಿವೆಲಿನದು ತಂದು ಹಾಕಿದ ಮೇಲೆ ನೆಮ್ಮದಿ. ಇಲ್ಲಿ ರಸ್ತೆಯಿಂದ ಮನೆಗೆ ಹೋಗಬೇಕಾದರೆ ಅಡಿಕೆ ತೋಟ ದಾಟಬೇಕು. 50 ಮೀಟರ್ ಹೋಸನ್ನು ಕೈಯಲ್ಲಿ ಸುತ್ತುವವನು ಎರಡನೇ ದಿನ ಕೆಲಸಕ್ಕೆ ಬರುವುದಿಲ್ಲ. ಹಣ ಉಳಿಸುವುದಾದರೆ ಬೇರೆಲ್ಲಾದರೂ ಉಳಿಸಿ.

ಹೈಪೋ ಬಗ್ಗೆ ಬರೆಯದಿದ್ದರೆ ಈ ವಿಮರ್ಶೆ ಅರ್ಧವಾಗುತ್ತದೆ. ಹಂಚಿಗೆ ಪ್ರೆಷರ್ ಕೊಡಬಾರದು, ಮೇಲ್ಮೈ ಏಳುತ್ತದೆ. ಕೆಲವು ಮನೆಗಳಲ್ಲಿ ಈಗಲೂ ಬಾಸೆಲ್ ಮಿಷನ್ ಅಚ್ಚಿನ ಹಂಚು ಇದೆ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುವಾದ ಕಾರ್ಖಾನೆಯದು. ಒಡೆದರೆ ಜೋಡಿ ಎಲ್ಲಿಂದ ತರುವುದು? ಅಲ್ಲಿ ಹೈಪೋವನ್ನು ನೀರಿನಲ್ಲಿ ಚೆನ್ನಾಗಿ ತೆಳು ಮಾಡಿ ಸಣ್ಣ ಪಂಪಿನಲ್ಲಿ ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು, ಮೆಲ್ಲಗೆ ನೀರು ಹಾಯಿಸಿದರೆ ಪಾಚಿ ತಾನಾಗಿ ಬಿಡುತ್ತದೆ. ಬಾವಿಯ ಬಾಯಿಗೆ ಮೊದಲೇ ಟಾರ್ಪಾಲು ಹಾಕಿ, ಮಲ್ಲಿಗೆ ಗಿಡಕ್ಕೆ ಮುಂಚೆಯೂ ಆಮೇಲೂ ಸಾದಾ ನೀರು ಹಾಕಬೇಕು. ಆಸಿಡ್ ಮಾತ್ರ ಹೈಪೋದ ಹತ್ತಿರ ಸುಳಿಯಬಾರದು. ಎರಡೂ ಸೇರಿದರೆ ಏಳುವುದು ಕ್ಲೋರಿನ್ ಗ್ಯಾಸು.

ಗಾಡಿಯ ಬಾಡಿ ತಿಂದದ್ದೂ ಇದೇ ಹೈಪೋ. ಸಮುದ್ರದ ಗಾಳಿಯ ಜೊತೆ ಇದರ ಹನಿಯೂ ಸೇರಿದರೆ ಕಬ್ಬಿಣದ ಗತಿ ಕೇಳಬೇಡಿ. ರೆಡ್ ಆಕ್ಸೈಡ್, ಮೇಲೆ ಎಪಾಕ್ಸಿ ಪೇಂಟು, ಕೆಳಗೆ ರಬ್ಬರ್ ಮ್ಯಾಟು ಎಲ್ಲ ಇದ್ದರೂ ಕ್ಯಾನ್ ಇಡುವ ಮೂಲೆ ತುಕ್ಕು ಹಿಡಿಯಿತು. ಸ್ಟೇನ್‌ಲೆಸ್ ಬೋಲ್ಟಿನ ಮೇಲೂ ಕಂದು ಚುಕ್ಕೆ. ಈಗ ಕ್ಯಾನುಗಳು ಮೀನಿನ ಪ್ಲಾಸ್ಟಿಕ್ ಕ್ರೇಟಿನಲ್ಲಿ, ಅದರ ಅಡಿಯಲ್ಲಿ ದೊಡ್ಡ ಪ್ಲಾಸ್ಟಿಕ್ ಟ್ರೇ. ಬಿಸಿಲಿಗೆ ಹೈಪೋ ಶಕ್ತಿ ಕಳೆದುಕೊಳ್ಳುತ್ತದೆ, ಆದ್ದರಿಂದ ಮೇಲೆ ಗೋಣಿ ಮುಚ್ಚಿರುತ್ತೇವೆ. ವಾರಕ್ಕೆ ಬೇಕಾದಷ್ಟೇ ತರುವುದು.

ನಾಜಲ್ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಧಾರೆ ಎಷ್ಟು ಅಗಲಕ್ಕೆ ಹರಡುತ್ತದೆ ಅಂತ ಅದರ ಬಣ್ಣವೇ ಹೇಳುತ್ತದೆ. ಹಸಿರು ಮತ್ತು ಬಿಳಿ ದಿನಾ ಬೇಕು, ಹಳದಿ ಅಪರೂಪಕ್ಕೆ. ಕೆಂಪನ್ನು ಪೆಟ್ಟಿಗೆಯಿಂದ ತೆಗೆದೇ ಇಟ್ಟಿದ್ದೇನೆ. ಅದರ ಸೂಜಿಯಂಥ ಧಾರೆ ಚರ್ಮದೊಳಗೆ ನುಗ್ಗುತ್ತದೆ. ಹೊರಗೆ ಸಣ್ಣ ತೂತು ಕಂಡರೂ ಒಳಗೆ ದೊಡ್ಡ ಗಾಯ ಇರುತ್ತದೆ, ಸುಮ್ನೆ ಬ್ಯಾಂಡೇಜ್ ಕಟ್ಟಿಕೊಂಡು ಕೂರುವ ವಿಷಯ ಅಲ್ಲ. ಇಂಟರ್‌ಲಾಕ್ ತೊಳೆದ ಮೇಲೆ ಸಂದಿನ ಮರಳು ಹೋಗಿರುತ್ತದೆ, ತುಂಬಿಸಿಕೊಡುವ ಖರ್ಚನ್ನು ಕೊಟೇಶನ್ನಿನಲ್ಲೇ ಸೇರಿಸಿ. ಆಮೇಲೆ ಕೇಳಿದರೆ ಜಗಳ.

ಫ್ರೇಮನ್ನು ಗಾಡಿಗೆ ವೆಲ್ಡ್ ಮಾಡಿಸಿಲ್ಲ. ಗಾಡಿಯ ಮೂಲ ರೂಪ ಬದಲಿಸಿದರೆ ಆರ್‌ಟಿಒ ಒಪ್ಪಿಗೆ ಬೇಕು, ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಸರ್ಟಿಫಿಕೇಟ್) ಮಾಡಿಸುವಾಗ ಪ್ರಶ್ನೆ ಬರುತ್ತದೆ. ಬೋಲ್ಟು ಮತ್ತು ರ‍್ಯಾಚೆಟ್ ಬೆಲ್ಟಿನಲ್ಲಿ ನಿಂತ ಲೋಡು ಅದು. ಟ್ಯಾಂಕು ಖಾಲಿ ಮಾಡಿ, ಇಂಜಿನ್ ಬಿಚ್ಚಿದರೆ ನಾಲ್ಕು ಜನ ಫ್ರೇಮ್ ಇಳಿಸಬಹುದು. ಜೂನ್ ಬಂದು ಮಳೆ ಹಿಡಿದರೆ ನಾವು ಮಾಡುವುದೂ ಅದನ್ನೇ. ಸೆಟಪ್ಪು ಶೆಡ್ಡಿನಲ್ಲಿ, ಪಂಪಿನೊಳಗೆ ನೀರು ನಿಲ್ಲದಂತೆ ಖಾಲಿ ಮಾಡಿ ಇಡುತ್ತೇವೆ. ಪಿಕಪ್ಪು ಸೆಪ್ಟೆಂಬರ್‌ವರೆಗೆ ಸಿಮೆಂಟು, ಹಿಂಡಿ, ಅಕ್ಕಿ ಮೂಟೆಯ ಬಾಡಿಗೆಗೆ ಹೋಗುತ್ತದೆ. ಕಂತು ಕಟ್ಟುವುದು ಆ ದುಡ್ಡಿನಲ್ಲೇ.